ನರ್ಸಿಂಗ್ ಹೋಮ್ ಆರಿಸುವ ಮುನ್ನ ಏನು ನೋಡಬೇಕು?

ಕಲಬುರಗಿ ನಗರದಲ್ಲಿ ಒಂದು ಸುತ್ತು ಹಾಕಿ ಬನ್ನಿ. ಸೇಡಂ ರಸ್ತೆ, ಕೋರ್ಟ್ ರಸ್ತೆ, ಸೂಪರ್ ಮಾರ್ಕೆಟ್ ಆಸುಪಾಸು, ಎಲ್ಲೆಲ್ಲೂ ನರ್ಸಿಂಗ್ ಹೋಮ್‌ಗಳ ಫಲಕಗಳು ಕಾಣುತ್ತವೆ. ಹೆರಿಗೆಗೆ ಒಂದು, ಮಕ್ಕಳಿಗೆ ಒಂದು, ಮೂಳೆಗೆ ಒಂದು, ಮೂತ್ರಪಿಂಡದ ಕಲ್ಲಿಗೆ ಇನ್ನೊಂದು. ಜಿಲ್ಲೆಯ ಹಳ್ಳಿಗಳಿಂದ ಮಾತ್ರವಲ್ಲ, ಯಾದಗಿರಿ, ಬೀದರ ಕಡೆಯಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ಹುಮನಾಬಾದ್ ರಸ್ತೆಯಲ್ಲಿ ಮೂವತ್ತೈದು-ನಲವತ್ತು ಕಿಲೋಮೀಟರ್ ದೂರದಲ್ಲಿರುವ ಕಮಲಾಪುರದವರಿಗಂತೂ ದೊಡ್ಡ ಕಾಯಿಲೆ ಬಂತೆಂದರೆ ಕಲಬುರಗಿಯೇ ಗತಿ.

ಇಷ್ಟೊಂದು ನರ್ಸಿಂಗ್ ಹೋಮ್‌ಗಳ ನಡುವೆ ನಾವು ಒಂದನ್ನು ಆರಿಸುವುದು ಹೇಗೆ? ಬೀಗರೊಬ್ಬರು ಅಲ್ಲಿ ಹೆರಿಗೆ ಮಾಡಿಸಿದ್ದರು ಎಂದು. ಊರಿನ ಆರ್‌ಎಂಪಿ ಡಾಕ್ಟರು ಚೀಟಿ ಬರೆದುಕೊಟ್ಟರು ಎಂದು. ಬಸ್ ನಿಲ್ದಾಣದಲ್ಲಿ ಆಟೋದವನು ಕರೆದುಕೊಂಡು ಹೋಗಿ ಇಳಿಸಿದ ಎಂದು. ಕಟ್ಟಡಕ್ಕೆ ಗಾಜು ಹಾಕಿಸಿದ್ದಾರೆ, ಲಿಫ್ಟ್ ಇದೆ ಎಂದು. ಜೋಡಿ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡಿಗೆ ನೋಡಿ, ನಾಲ್ಕು ಜನರನ್ನು ಕೇಳಿ ವ್ಯಾಪಾರ ಮುಗಿಸುವ ನಾವು, ಮನೆಯ ಮಗಳನ್ನು ಆಪರೇಶನ್ ಮೇಜಿನ ಮೇಲೆ ಮಲಗಿಸುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ವೈದ್ಯರನ್ನು ದೇವರ ಸ್ಥಾನದಲ್ಲಿಟ್ಟು ಬೆಳೆದವರು ನಾವು. ದೇವರಿಗೆ ಪ್ರಶ್ನೆ ಹಾಕುವುದುಂಟೆ ಎಂಬ ಸಂಕೋಚ.

ಈ ಸಂಕೋಚವನ್ನು ಬಿಡಬೇಕು ಎಂಬುದೇ ಈ ವಾರದ ಮಾತು. ಪ್ರಶ್ನೆ ಕೇಳುವುದು ವೈದ್ಯರಿಗೆ ಮಾಡುವ ಅವಮಾನವಲ್ಲ. ಒಳ್ಳೆಯ ವೈದ್ಯರು ಪ್ರಶ್ನೆಯಿಂದ ಬೇಸರಪಡುವುದಿಲ್ಲ. ಒಂದು ನರ್ಸಿಂಗ್ ಹೋಮಿನ ಗುಣಮಟ್ಟವನ್ನು ಅಳೆಯಲು ವೈದ್ಯಶಾಸ್ತ್ರ ಓದಿರಬೇಕಿಲ್ಲ. ರಾತ್ರಿ ಯಾರು ನೋಡಿಕೊಳ್ಳುತ್ತಾರೆ, ಕೈ ತೊಳೆಯುತ್ತಾರೆಯೇ, ಕೇಳಿದ್ದಕ್ಕೆ ಉತ್ತರ ಹೇಳಿ ಬರೆದು ಕೊಡುತ್ತಾರೆಯೇ, ಈ ಮೂರನ್ನು ಗಮನಿಸಿದರೆ ಮುಕ್ಕಾಲು ಪಾಲು ತಿಳಿದಂತೆ.

ನಾವು ಅಳೆಯುವ ತಪ್ಪು ಅಳತೆಗಳು

ಮೊದಲು ಯಾವುದನ್ನು ನೋಡಿ ಮೋಸ ಹೋಗಬಾರದು ಎಂಬುದನ್ನು ತಿಳಿಯೋಣ. ಹೊಳೆಯುವ ನೆಲಹಾಸು ಚಿಕಿತ್ಸೆಯ ಗುಣವನ್ನು ಹೇಳುವುದಿಲ್ಲ. ಫಲಕದ ಮೇಲೆ ವೈದ್ಯರ ಹೆಸರಿನ ಮುಂದೆ ಸಾಲುಸಾಲಾಗಿ ಬರೆದ ಪದವಿಗಳೂ ಅಷ್ಟೆ. ಆ ವೈದ್ಯರು ದಿನಕ್ಕೆ ಎಷ್ಟು ಹೊತ್ತು ಅಲ್ಲಿರುತ್ತಾರೆ ಎಂಬುದು ಮುಖ್ಯ. ಫಲಕದಲ್ಲಿ ಎಂಟು ತಜ್ಞರ ಹೆಸರಿದ್ದು, ಎಂಟೂ ಜನ ಕರೆದಾಗ ಮಾತ್ರ ಬರುವವರಾದರೆ ರಾತ್ರಿ ಎರಡು ಗಂಟೆಗೆ ನಿಮ್ಮ ಪಾಲಿಗೆ ಯಾರೂ ಇಲ್ಲದಂತೆಯೇ.

ಹೋದ ಕೂಡಲೇ ಸಲೈನ್ ಹಚ್ಚುವುದು ಒಳ್ಳೆಯ ದವಾಖಾನೆಯ ಲಕ್ಷಣ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬಲವಾಗಿದೆ. ಬಾಯಿಂದ ನೀರು, ಗಂಜಿ ಸೇವಿಸಬಲ್ಲ ರೋಗಿಗೆ ಬಹುತೇಕ ವೇಳೆ ಸಲೈನ್ ಬೇಕಾಗುವುದಿಲ್ಲ. ಆದರೆ ಸಲೈನ್ ಹಚ್ಚದ ಡಾಕ್ಟರು ಏನೂ ಮಾಡಲಿಲ್ಲ ಎಂದು ನಾವೇ ದೂರುತ್ತೇವೆ. ಹೆಚ್ಚು ಪರೀಕ್ಷೆ, ಹೆಚ್ಚು ಔಷಧಿ, ಹೆಚ್ಚು ಬಿಲ್ಲು ಎಂದರೆ ಹೆಚ್ಚು ಆರೈಕೆ ಎಂದು ಭಾವಿಸುವುದು ದೊಡ್ಡ ತಪ್ಪು. ಬೇಡದ್ದನ್ನು ಮಾಡದೇ ಇರುವುದೂ ಒಳ್ಳೆಯ ಚಿಕಿತ್ಸೆಯ ಒಂದು ಭಾಗ. ಇದನ್ನು ಕಲಬುರಗಿ ಜಿಲ್ಲೆ ಕಲಿತದ್ದು ಬಹಳ ಕಹಿಯಾದ ರೀತಿಯಲ್ಲಿ.

2015ರ ಪಾಠ

2015ರಲ್ಲಿ ಈ ಜಿಲ್ಲೆಯ ತಾಂಡಾಗಳಿಂದ ಒಂದು ಸಂಗತಿ ಹೊರಬಂತು. ಲಂಬಾಣಿ ಮತ್ತು ದಲಿತ ಕುಟುಂಬಗಳ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಗರ್ಭಚೀಲ ತೆಗೆಸಿಕೊಂಡಿದ್ದರು. ಹೊಟ್ಟೆನೋವು, ಬಿಳಿಮುಟ್ಟು, ಸೊಂಟನೋವು ಎಂದು ಖಾಸಗಿ ಆಸ್ಪತ್ರೆಗೆ ಬಂದವರಿಗೆ ಗರ್ಭಚೀಲ ಕೆಟ್ಟಿದೆ, ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಲಾಗಿತ್ತು ಎಂಬುದು ಮಹಿಳೆಯರ ದೂರು. ಆರೋಗ್ಯ ಇಲಾಖೆ ತನಿಖೆ ನಡೆಸಿತು. ಇಂಥ ಶಸ್ತ್ರಚಿಕಿತ್ಸೆಗೆ ಒಳಗಾದವರ ಸಂಖ್ಯೆ ಎರಡು ಸಾವಿರ ದಾಟಿತ್ತು, ಅವರಲ್ಲಿ ಅನೇಕರಿಗೆ ನಲವತ್ತು ವರ್ಷವೂ ಆಗಿರಲಿಲ್ಲ. ಕೆಲವು ಆಸ್ಪತ್ರೆಗಳ ಪರವಾನಗಿಯ ಮೇಲೆ ಕ್ರಮ ಜರುಗಿತು. ನ್ಯಾಯ ಬೇಕೆಂದು ಆ ಮಹಿಳೆಯರು ಕಲಬುರಗಿಯ ಬೀದಿಗೂ ಇಳಿದರು.

ಇದರ ಪರಿಣಾಮ ಏನೆಂಬುದನ್ನು ಓದುಗರು ಅರ್ಥ ಮಾಡಿಕೊಳ್ಳಬೇಕು. ಗರ್ಭಚೀಲದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ದೇಹದಲ್ಲಿ ಹೆಣ್ಣು ಹಾರ್ಮೋನು ಒಮ್ಮೆಲೇ ನಿಂತುಹೋಗುತ್ತದೆ. ಐವತ್ತರ ಸುಮಾರಿಗೆ ಬರಬೇಕಾದ ಮುಟ್ಟು ನಿಲ್ಲುವ ಕಾಲ ಮೂವತ್ತಕ್ಕೇ ಬಂದಂತಾಗುತ್ತದೆ. ಮೈ ಬಿಸಿಯೇರುವುದು, ನಿದ್ದೆ ಬಾರದಿರುವುದು, ಮೂಳೆ ಸವೆಯುವುದು, ಹೃದಯದ ಕಾಯಿಲೆಯ ಸಂಭವ ಹೆಚ್ಚುವುದು, ಇವೆಲ್ಲ ಹಿಂಬಾಲಿಸುತ್ತವೆ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲ ಕೆಲವರಲ್ಲಿ ಬೇಗ ಬರಬಹುದು. ಹೊಲದಲ್ಲಿ ದುಡಿದು, ತಲೆಯ ಮೇಲೆ ಬುಟ್ಟಿ ಹೊತ್ತು ಬದುಕುವ ಹೆಣ್ಣುಮಗಳಿಗೆ ಮೂಳೆಯ ಬಲ ಹೋದರೆ ಕೂಲಿಯೇ ಹೋಯಿತು. ಆಪರೇಶನ್ನಿಗೆ ಮಾಡಿದ ಸಾಲ ಮಾತ್ರ ಉಳಿಯುತ್ತದೆ.

ಬಿಳಿಮುಟ್ಟು ಹೆಚ್ಚಾಗಿ ಸೋಂಕಿನಿಂದ ಬರುವಂಥದ್ದು, ಅದಕ್ಕೆ ಮಾತ್ರೆಗಳಿವೆ. ಗಂಡನಿಗೂ ಜೊತೆಯಲ್ಲಿ ಚಿಕಿತ್ಸೆ ಬೇಕಾಗಬಹುದು. ಅತಿಯಾದ ರಕ್ತಸ್ರಾವಕ್ಕೂ ಮೊದಲು ಮಾತ್ರೆ, ಹಾರ್ಮೋನು ಇರುವ ವಂಕಿ ಮುಂತಾದ ದಾರಿಗಳಿವೆ. ತೊಂದರೆ ಕೊಡದ ಸಣ್ಣ ಗಡ್ಡೆ ಸ್ಕ್ಯಾನಿಂಗ್‌ನಲ್ಲಿ ಕಂಡಿತು ಎಂಬಷ್ಟಕ್ಕೇ ಗರ್ಭಚೀಲ ತೆಗೆಯಬೇಕಿಲ್ಲ. ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬುದನ್ನು ಹೇಳಬೇಕಾದದ್ದು ಪರೀಕ್ಷೆಯೇ ಹೊರತು ಹೆದರಿಕೆಯಲ್ಲ. ಮೂವತ್ತು ದಾಟಿದ ಮಹಿಳೆಯರಿಗೆ ಗರ್ಭಕಂಠದ ಪರೀಕ್ಷೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುವ ಕಾರ್ಯಕ್ರಮವಿದೆ.

ಹಾಗೆಂದು ಗರ್ಭಚೀಲ ತೆಗೆಯುವ ಶಸ್ತ್ರಚಿಕಿತ್ಸೆಯೇ ಕೆಟ್ಟದ್ದು ಎಂದು ತಿಳಿಯಬಾರದು. ಕ್ಯಾನ್ಸರ್ ಇದ್ದಾಗ, ದೊಡ್ಡ ಗಡ್ಡೆಗಳಿದ್ದಾಗ, ಔಷಧಿಗೆ ಬಗ್ಗದ ರಕ್ತಸ್ರಾವವಾದಾಗ ಅದು ಜೀವ ಉಳಿಸುತ್ತದೆ. ತಪ್ಪಿರುವುದು ಬೇಡದ ಕಡೆ ಮಾಡುವುದರಲ್ಲಿ. ಬಿಹಾರ, ಛತ್ತೀಸಗಡ, ರಾಜಸ್ಥಾನಗಳಿಂದಲೂ ಇಂಥವೇ ದೂರುಗಳು ಬಂದಿದ್ದವು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಆಪರೇಶನ್ ಆಗುವ ಮೊದಲು ತಡೆಯಬಲ್ಲವರು ಮನೆಯವರು. ಕೋರ್ಟು ಏನಿದ್ದರೂ ಆಮೇಲೆ.

ಹೆಸರಿನಲ್ಲೇ ಇದೆ ನರ್ಸಿಂಗ್

ನರ್ಸಿಂಗ್ ಹೋಮ್ ಎಂಬ ಹೆಸರಿನಲ್ಲೇ ಅದರ ಕೆಲಸವಿದೆ. ವೈದ್ಯರು ದಿನಕ್ಕೆ ಎರಡು ಬಾರಿ ರೌಂಡ್ಸ್ ಬಂದು ಹತ್ತು ನಿಮಿಷ ನೋಡುತ್ತಾರೆ. ಉಳಿದ ಇಪ್ಪತ್ತಮೂರು ಗಂಟೆಗೂ ಹೆಚ್ಚು ಕಾಲ ರೋಗಿ ಇರುವುದು ಸಿಸ್ಟರ್‌ಗಳ ಕೈಯಲ್ಲಿ. ಆದ್ದರಿಂದ ಮೊದಲು ನೋಡಬೇಕಾದದ್ದು ಅವರನ್ನು. ಜಿಎನ್ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಎಷ್ಟು ಜನ? ಬಿಳಿ ಉಡುಪು ಹಾಕಿದವರೆಲ್ಲ ನರ್ಸ್‌ಗಳಲ್ಲ. ಹತ್ತನೆಯ ತರಗತಿ ಮುಗಿಸಿ, ನಾಲ್ಕು ತಿಂಗಳು ನೋಡಿ ಕಲಿತ ಹುಡುಗಿಯರಿಂದ ಇಂಜೆಕ್ಷನ್ ಕೊಡಿಸುವ ಕಡೆಗಳೂ ಇವೆ. ಪಾಪ, ಆ ಹುಡುಗಿಯರ ತಪ್ಪೇನಿಲ್ಲ. ಕಡಿಮೆ ಸಂಬಳಕ್ಕೆ ಅವರನ್ನು ಅಲ್ಲಿ ನಿಲ್ಲಿಸಿದವರ ತಪ್ಪು.

ಇದನ್ನು ತಿಳಿಯಲು ಸುಲಭವಾದ ಉಪಾಯವೊಂದಿದೆ. ನೆಂಟರನ್ನೋ ನೆರೆಯವರನ್ನೋ ನೋಡಲು ನಾವೆಲ್ಲ ನರ್ಸಿಂಗ್ ಹೋಮಿಗೆ ಹೋಗುತ್ತಲೇ ಇರುತ್ತೇವೆ. ಮೋಸಂಬಿ, ಬಿಸ್ಕತ್ತು ಕೊಟ್ಟು ಮಾತನಾಡಿಸಿ ಬರುವ ಬದಲು ಕಣ್ಣನ್ನೂ ತೆರೆದಿಟ್ಟುಕೊಳ್ಳಿ. ರೋಗಿಯ ಹಾಸಿಗೆಯ ಬಳಿ ಚಾರ್ಟ್ ಇದೆಯೇ, ಅದರಲ್ಲಿ ಜ್ವರ, ನಾಡಿ, ರಕ್ತದೊತ್ತಡವನ್ನು ಸಮಯ ಹಾಕಿ ಬರೆದಿದ್ದಾರೆಯೇ ನೋಡಿ. ಸಲೈನ್ ಬಾಟಲಿ ಮುಗಿಯುತ್ತ ಬಂದಾಗ ಸಿಸ್ಟರ್ ತಾವಾಗಿ ಬರುತ್ತಾರೆಯೇ, ಅಥವಾ ಮನೆಯವರು ಕಾರಿಡಾರಿನಲ್ಲಿ ಓಡಿ ಹುಡುಕಬೇಕೇ? ಇಂಜೆಕ್ಷನ್ ಕೊಡುವ ಮೊದಲು ರೋಗಿಯ ಹೆಸರು ಕೇಳುತ್ತಾರೆಯೇ? ಎದ್ದು ಓಡಾಡಲಾಗದ ವೃದ್ಧರನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸುತ್ತಾರೆಯೇ? ಬೆನ್ನಿನಲ್ಲಿ ಹುಣ್ಣಾಗಿದೆ ಎಂದರೆ ಅದು ಆರೈಕೆಯ ಕೊರತೆಯನ್ನು ಹೇಳುವ ಗುರುತು.

ರಾತ್ರಿಯ ಬಗ್ಗೆ ವಿಶೇಷವಾಗಿ ಕೇಳಿ. ಡ್ಯೂಟಿ ಡಾಕ್ಟರ್ ಯಾರು, ಅವರು ಓದಿದ್ದು ಏನು, ಕಟ್ಟಡದೊಳಗೇ ಇರುತ್ತಾರೆಯೇ, ತಜ್ಞರು ಕರೆದರೆ ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ಹೆರಿಗೆಯ ಮನೆಯಾದರೆ ಈ ಪ್ರಶ್ನೆ ಇನ್ನೂ ಮುಖ್ಯ. ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲಿ ಆಗುವ ರಕ್ತಸ್ರಾವವೇ ತಾಯಂದಿರ ಸಾವಿಗೆ ಮುಖ್ಯ ಕಾರಣಗಳಲ್ಲೊಂದು. ಮಗುವಿನ ಮುಖ ನೋಡಿ ಮನೆಯವರೆಲ್ಲ ಪೇಡೆ ಹಂಚುವ ಹೊತ್ತಿನಲ್ಲಿ ತಾಯಿಯ ನಾಡಿ ಹಿಡಿದು ಕೂರುವ ಸಿಸ್ಟರ್ ಇರಬೇಕು. ಅಂಥ ಸಿಸ್ಟರ್ ಇರುವ ಸಾಧಾರಣ ಕಟ್ಟಡವು, ಅವರಿಲ್ಲದ ಅರಮನೆಗಿಂತ ಮೇಲು.

ಕೈ ಮತ್ತು ಕಸದ ಬುಟ್ಟಿ

ವಿಯೆನ್ನಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ 1847ರ ಏಪ್ರಿಲ್‌ನಲ್ಲಿ ನೂರು ಬಾಣಂತಿಯರಲ್ಲಿ ಸುಮಾರು 18 ಮಂದಿ ಜ್ವರ ಬಂದು ಸಾಯುತ್ತಿದ್ದರು. ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್, ಶವಪರೀಕ್ಷೆ ಮಾಡಿ ಬಂದ ವೈದ್ಯರು ಹಾಗೆಯೇ ಹೆರಿಗೆ ಮಾಡಿಸುವುದೇ ಇದಕ್ಕೆ ಕಾರಣವೆಂದು ಊಹಿಸಿ, ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿದ. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ಹೊಸ ಔಷಧಿ ಬಂದಿರಲಿಲ್ಲ, ಯಂತ್ರ ಬಂದಿರಲಿಲ್ಲ. ಕೈ ತೊಳೆದದ್ದಷ್ಟೆ.

ಇಂದಿಗೂ ಆಸ್ಪತ್ರೆಯ ಸೋಂಕು ಹರಡುವುದು ಮುಖ್ಯವಾಗಿ ಕೈಗಳಿಂದಲೇ. ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರ ಬಳಿ ಹೋಗುವ ಮುನ್ನ ವೈದ್ಯರು, ಸಿಸ್ಟರ್ ಕೈ ತೊಳೆಯುತ್ತಾರೆಯೇ ಅಥವಾ ಸ್ಯಾನಿಟೈಸರ್ ಹಚ್ಚುತ್ತಾರೆಯೇ ಗಮನಿಸಿ. ವಾರ್ಡಿನಲ್ಲಿ ನಲ್ಲಿ ಇದೆಯೇ, ಅದರಲ್ಲಿ ನೀರು ಬರುತ್ತದೆಯೇ, ಸಾಬೂನು ಇದೆಯೇ ನೋಡಿ. ಬೇಸಿಗೆಯಲ್ಲಿ ನೀರಿನ ಬರ ನಮ್ಮೂರಿಗೆ ಹೊಸದಲ್ಲ. ಟ್ಯಾಂಕರ್ ಕಾಯುವ ದಿನ ಆಸ್ಪತ್ರೆಯ ಸ್ವಚ್ಛತೆ ಏನಾಗುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆಯೇ.

ಕಸದ ಬುಟ್ಟಿಗಳನ್ನೂ ನೋಡಿ ಬನ್ನಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ, ಸಲೈನ್ ನಳಿಕೆಯಂಥ ಪ್ಲಾಸ್ಟಿಕ್ ಕೆಂಪಿಗೆ, ಸೂಜಿ, ಬ್ಲೇಡು ಚುಚ್ಚದಂಥ ಗಟ್ಟಿಯಾದ ಬಿಳಿ ಡಬ್ಬಿಗೆ, ಔಷಧಿಯ ಗಾಜಿನ ಸೀಸೆ ನೀಲಿಗೆ ಹೋಗಬೇಕು. ಎಲ್ಲವೂ ಒಂದೇ ಬಕೆಟ್ಟಿನಲ್ಲಿ ಬಿದ್ದಿದ್ದರೆ, ಹಿಂದಿನ ಗೋಡೆಯ ಆಚೆ ಸಿರಿಂಜುಗಳು ಚೆಲ್ಲಿದ್ದರೆ, ಕಣ್ಣಿಗೆ ಕಾಣದ ಆಪರೇಶನ್ ಕೋಣೆಯೊಳಗೂ ಅದೇ ಶಿಸ್ತು ಇರಬಹುದೆಂದು ಅನುಮಾನಿಸಬೇಕಾಗುತ್ತದೆ. ಶೌಚಾಲಯವನ್ನೂ ಒಮ್ಮೆ ನೋಡಿ. ಸ್ವಾಗತ ಕೊಠಡಿ ಅತಿಥಿಗಳಿಗಾಗಿ ಗುಡಿಸಿದ್ದು, ಶೌಚಾಲಯವನ್ನು ತೊಳೆಯುವುದು ರೋಗಿಗಾಗಿ.

ಆಪರೇಶನ್ ಬೇಕು ಎಂದಾಗ

ಆಪರೇಶನ್ ಮಾಡಬೇಕು ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಖರ್ಚಾಗುತ್ತದೆ, ಎಷ್ಟು ದಿನ ಇರಬೇಕು. ಇವಕ್ಕಿಂತ ಮೊದಲು ಕೇಳಬೇಕಾದವು ಬೇರೆ ಇವೆ. ಕಾಯಿಲೆಯ ಹೆಸರೇನು, ಅದು ಹೇಗೆ ಖಚಿತವಾಯಿತು? ಆಪರೇಶನ್ ಇಲ್ಲದೆ ಬೇರೆ ಚಿಕಿತ್ಸೆ ಇದೆಯೇ? ಈಗಲೇ ಮಾಡದೆ ಎರಡು ವಾರ ತಡೆದರೆ ಏನಾಗುತ್ತದೆ? ಮಾಡಿದರೆ ಆಗಬಹುದಾದ ತೊಂದರೆಗಳೇನು? ಏನನ್ನು ತೆಗೆಯುತ್ತೀರಿ, ಏನನ್ನು ಉಳಿಸುತ್ತೀರಿ? ಈ ಪ್ರಶ್ನೆಗಳಿಗೆ ಸಮಾಧಾನದಿಂದ, ಕನ್ನಡದಲ್ಲಿ, ನಿಮಗೆ ತಿಳಿಯುವ ಮಾತಿನಲ್ಲಿ ಉತ್ತರ ಬಂದರೆ ಆ ಜಾಗದ ಮೇಲೆ ಅರ್ಧ ಭರವಸೆ ಇಡಬಹುದು. "ನಿಮಗೆ ತಿಳಿಯೋದಿಲ್ಲ, ಸಹಿ ಮಾಡ್ರಿ" ಎಂಬ ಉತ್ತರ ಬಂದರೆ ರಿಪೋರ್ಟುಗಳನ್ನು ತೆಗೆದುಕೊಂಡು ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಮೆದುಳಿನ ಆಘಾತ, ಹೃದಯಾಘಾತ, ಕರುಳು ಸಿಕ್ಕಿಕೊಂಡದ್ದು, ಹೆರಿಗೆಯ ತುರ್ತು, ಇಂಥವನ್ನು ಬಿಟ್ಟರೆ ಎರಡು ದಿನ ಕಾಯಲಾಗದ ಆಪರೇಶನ್‌ಗಳು ಕಡಿಮೆ.

ಸಹಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ದೆಹಲಿಯ ಪ್ರಕರಣವೊಂದರಲ್ಲಿ ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟ ಮಹಿಳೆಯೊಬ್ಬರಿಗೆ ಪ್ರಜ್ಞೆ ತಪ್ಪಿಸಿದ್ದಾಗಲೇ, ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆಯಲಾಗಿತ್ತು. ಜೀವಕ್ಕೆ ತುರ್ತು ಅಪಾಯವಿಲ್ಲದಾಗ, ಸ್ವತಃ ಒಪ್ಪಿಗೆ ಕೊಡಬಲ್ಲ ವಯಸ್ಕಳ ಪರವಾಗಿ ಬೇರೆಯವರ ಒಪ್ಪಿಗೆ ಸಾಲದು ಎಂದು 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಕಡೆ ಹೆಣ್ಣುಮಕ್ಕಳ ಆಪರೇಶನ್ನಿಗೆ ಗಂಡನ, ಮಾವನ ಸಹಿ ಹಾಕಿಸಿ ಮುಗಿಸುವುದು ರೂಢಿ. ಆಪರೇಶನ್ ಆಗುವುದು ಯಾರಿಗೋ ಅವರಿಗೆ ಮೊದಲು ತಿಳಿಸಿ ಹೇಳಬೇಕು, ಒಪ್ಪಿಗೆ ಅವರದ್ದಾಗಿರಬೇಕು. ತಾಂಡಾದ ಹೆಣ್ಣುಮಗಳಿಗೆ ಕನ್ನಡ ಪೂರ್ತಿ ತಿಳಿಯದಿದ್ದರೆ ಅವಳ ಮಾತು ಬಲ್ಲವರನ್ನು ಕರೆತಂದು ಹೇಳಿಸಬೇಕು.

ಅರಿವಳಿಕೆ ತಜ್ಞರು ಯಾರು, ಅವರು ಮೊದಲೇ ಬಂದು ರೋಗಿಯನ್ನು ನೋಡುತ್ತಾರೆಯೇ, ರಕ್ತ ಬೇಕಾದರೆ ಎಲ್ಲಿಂದ ಬರುತ್ತದೆ, ವಿದ್ಯುತ್ ಹೋದರೆ ಜನರೇಟರ್ ಇದೆಯೇ, ಪರಿಸ್ಥಿತಿ ಕೆಟ್ಟರೆ ಯಾವ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತೀರಿ ಎಂದೂ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಪುಟದ ತಪಾಸಣಾ ಪಟ್ಟಿ ಮಾಡಿತು. ರೋಗಿಯ ಹೆಸರು, ಯಾವ ಆಪರೇಶನ್, ಯಾವ ಭಾಗಕ್ಕೆ, ಔಷಧಿಯ ಅಲರ್ಜಿ, ಕೊನೆಗೆ ಹತ್ತಿ ಉಪಕರಣಗಳ ಎಣಿಕೆ, ಇಷ್ಟನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವುದು. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪ್ರಯೋಗಿಸಿದಾಗ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ವರದಿಯಾಯಿತು. ಒಂದು ಹಾಳೆ ಕಾಗದದ ಖರ್ಚು ಇದು. ನಿಮ್ಮ ನರ್ಸಿಂಗ್ ಹೋಮಿನಲ್ಲಿ ಅದನ್ನು ಬಳಸುತ್ತಾರೆಯೇ ಎಂದು ವಿಚಾರಿಸಿ.

ಸಿಸೇರಿಯನ್ ಬಗ್ಗೆಯೂ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 47.4 ಸಿಸೇರಿಯನ್ ಆಗಿದ್ದವು, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಒಂದೇ ನಾಡಿನ ತಾಯಂದಿರ ದೇಹ ಕಟ್ಟಡ ಬದಲಾದ ಮಾತ್ರಕ್ಕೆ ಇಷ್ಟು ಬದಲಾಗುವುದಿಲ್ಲ. ಹೆರಿಗೆಗೆ ಹೆಸರು ಬರೆಸುವಾಗಲೇ, ನಿಮ್ಮಲ್ಲಿ ನೂರಕ್ಕೆ ಎಷ್ಟು ಸಹಜ ಹೆರಿಗೆ ಆಗುತ್ತವೆ ಎಂದು ಕೇಳಿ. ಹೇಳಲು ಹಿಂಜರಿಯದವರನ್ನು ನಂಬಬಹುದು.

ಗೋಡೆಯ ಮೇಲೆ ಏನಿರಬೇಕು, ಕೈಗೆ ಏನು ಬರಬೇಕು

ನಮ್ಮ ರಾಜ್ಯದಲ್ಲಿ 1976ರಷ್ಟು ಹಿಂದೆಯೇ ಖಾಸಗಿ ನರ್ಸಿಂಗ್ ಹೋಮ್‌ಗಳ ನಿಯಂತ್ರಣಕ್ಕೆ ಕಾಯಿದೆ ಇತ್ತು. ಅದರ ಜಾಗದಲ್ಲಿ ಬಂದದ್ದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ. ಜನ ಇದನ್ನು ಕೆಪಿಎಂಇ ಎನ್ನುತ್ತಾರೆ. 2017ರಲ್ಲಿ ಇದಕ್ಕೆ ತಿದ್ದುಪಡಿ ತರುವಾಗ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದನ್ನು ಓದುಗರು ಮರೆತಿರಲಾರರು. ಈ ಕಾಯಿದೆಯ ಪ್ರಕಾರ ಪ್ರತಿ ನರ್ಸಿಂಗ್ ಹೋಮ್ ನೋಂದಣಿ ಮಾಡಿಸಿರಬೇಕು, ಪ್ರಮಾಣಪತ್ರವನ್ನು ಕಾಣುವಂತೆ ಹಾಕಿರಬೇಕು, ದರಗಳನ್ನು ಜನರಿಗೆ ತಿಳಿಸಬೇಕು. ರೋಗಿಯ ಹಕ್ಕುಗಳ ಪಟ್ಟಿಯೂ ಅದರಲ್ಲಿದೆ. ತುರ್ತು ಸಂದರ್ಭದಲ್ಲಿ ಮುಂಗಡ ಕಟ್ಟದಿದ್ದರೆ ಮುಟ್ಟುವುದಿಲ್ಲ ಎನ್ನುವಂತಿಲ್ಲ. ರೋಗಿ ತೀರಿಕೊಂಡರೆ ಬಿಲ್ಲು ಬಾಕಿಯಿದೆ ಎಂದು ಶವವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ತುರ್ತು ಚಿಕಿತ್ಸೆ ಸರ್ಕಾರಿ ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಗೋಡೆಯ ಮೇಲಿನ ಆ ಪ್ರಮಾಣಪತ್ರವನ್ನು ಅವಧಿ ಸಮೇತ ಓದಿ. 2024ರ ಮೇ ತಿಂಗಳಲ್ಲಿ ದೆಹಲಿಯ ವಿವೇಕ ವಿಹಾರದ ಶಿಶು ಆಸ್ಪತ್ರೆಯೊಂದಕ್ಕೆ ರಾತ್ರಿ ಬೆಂಕಿ ಬಿದ್ದು ಕನಿಷ್ಠ ಆರು ಹಸುಗೂಸುಗಳು ಸತ್ತವು. ಆ ಆಸ್ಪತ್ರೆಯ ಪರವಾನಗಿ ಮಾರ್ಚ್‌ನಲ್ಲೇ ಮುಗಿದಿತ್ತು ಎಂದು ಪೊಲೀಸರು ಆಮೇಲೆ ತಿಳಿಸಿದರು. ಇಂಥ ಮಾತು ಆಮೇಲೆ ತಿಳಿದು ಪ್ರಯೋಜನವೇನು?

ಇನ್ನು ಕಾಗದಪತ್ರ. ಡಿಸ್ಚಾರ್ಜ್ ಆಗುವಾಗ ಬಿಲ್ಲಿನ ಚೀಟಿ ಮಾತ್ರ ಹಿಡಿದು ಮನೆಗೆ ಬರಬೇಡಿ. ಯಾವ ಕಾಯಿಲೆ, ಏನು ಚಿಕಿತ್ಸೆ, ಯಾವ ಆಪರೇಶನ್, ಮುಂದೆ ಯಾವ ಔಷಧಿ, ಯಾವಾಗ ತೋರಿಸಬೇಕು ಎಂಬುದೆಲ್ಲ ಇರುವ ಡಿಸ್ಚಾರ್ಜ್ ಕಾರ್ಡ್ ಬೇಕು. ಶರೀರದಿಂದ ಗಡ್ಡೆಯನ್ನೋ ಅಂಗವನ್ನೋ ತೆಗೆದಿದ್ದರೆ ಅದರ ಬಯಾಪ್ಸಿ ವರದಿಯನ್ನೂ ಕೇಳಿ ಪಡೆಯಿರಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ವೈದ್ಯರು ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಯಾರು ಚೆನ್ನಾಗಿ ಬರೆದಿಡುತ್ತಾರೋ ಅವರು ಚೆನ್ನಾಗಿ ನೋಡಿರುತ್ತಾರೆ. ಬರೆಯಲು ಹಿಂದೇಟು ಹಾಕುವವರ ಬಗ್ಗೆ ಎಚ್ಚರವಿರಲಿ.

ಕಮಲಾಪುರದಿಂದ ಬರುವವರಿಗೆ

ನಗರದವರಿಗೆ ಇಲ್ಲಿ ಒಪ್ಪದಿದ್ದರೆ ಪಕ್ಕದ ಬೀದಿಗೆ ಹೋಗುವ ಅನುಕೂಲವಿದೆ. ಕಮಲಾಪುರದಿಂದಲೋ ಅದರಾಚೆಯ ತಾಂಡಾದಿಂದಲೋ ಜೀಪು ಮಾಡಿಕೊಂಡು ಬಂದವರಿಗೆ ಅದಿಲ್ಲ. ಮೊದಲು ಇಳಿದ ಬಾಗಿಲಲ್ಲೇ ಅವರು ಸೇರಿಕೊಳ್ಳುತ್ತಾರೆ. ಆದ್ದರಿಂದ ಅವರು ಆರೋಗ್ಯ ಚೆನ್ನಾಗಿರುವಾಗಲೇ ಕುಳಿತು ಯೋಚಿಸಬೇಕು. ಮನೆಯಲ್ಲಿ ಬಸುರಿ ಇದ್ದರೆ, ಸಕ್ಕರೆ ಕಾಯಿಲೆಯ ಅಜ್ಜ ಇದ್ದರೆ, ತುರ್ತು ಬಂದಾಗ ಎಲ್ಲಿಗೆ ಹೋಗಬೇಕು ಎಂಬುದು ಮೊದಲೇ ನಿಶ್ಚಯವಾಗಿರಲಿ. ಏಳನೆಯ ತಿಂಗಳಲ್ಲಿ ಒಮ್ಮೆ ಹೋಗಿ ನೋಡಿ ಬರುವುದು, ಒಂಬತ್ತನೆಯ ತಿಂಗಳ ರಾತ್ರಿ ಗಾಬರಿಯಲ್ಲಿ ಹುಡುಕುವುದಕ್ಕಿಂತ ಸಾವಿರ ಪಾಲು ಮೇಲು.

ನಿಮ್ಮೂರಿನ ಆರ್‌ಎಂಪಿ ಒಂದೇ ನರ್ಸಿಂಗ್ ಹೋಮಿಗೆ ಪದೇ ಪದೇ ಚೀಟಿ ಬರೆಯುತ್ತಿದ್ದರೆ ಏಕೆಂದು ಕೇಳಿ. ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ವೈದ್ಯಕೀಯ ನಿಯಮಗಳು ನಿಷೇಧಿಸಿವೆ. ಆ ಕಮಿಷನ್ ಕೊನೆಗೆ ಸೇರುವುದು ನಿಮ್ಮ ಬಿಲ್ಲಿಗೇ. ಕಮಲಾಪುರದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಮೊದಲು ಕಾಣುವುದರಿಂದ ಇನ್ನೊಂದು ಲಾಭವಿದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದ ಕಾಯಿಲೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಕಲಬುರಗಿಯಲ್ಲಿ ಜಿಮ್ಸ್ ಬೋಧನಾ ಆಸ್ಪತ್ರೆ ಇದೆ, ಹೃದಯಕ್ಕೆ ಜಯದೇವ ಸಂಸ್ಥೆಯ ಆಸ್ಪತ್ರೆಯೂ ಬಂದಿದೆ. ಸರ್ಕಾರಿ ಎಂದ ಮಾತ್ರಕ್ಕೆ ಕೀಳಲ್ಲ, ಖಾಸಗಿ ಎಂದ ಮಾತ್ರಕ್ಕೆ ಮೇಲಲ್ಲ. ಮೇಲೆ ಹೇಳಿದ ಅಳತೆಗಳು ಎರಡಕ್ಕೂ ಒಂದೇ.

ವೈದ್ಯರ ಕಡೆಯ ಮಾತು

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬೆಂಗಳೂರಿಗೆ ಹೋಗದೆ ನಮ್ಮೂರಿನಲ್ಲೇ ನಿಂತು, ಮಧ್ಯರಾತ್ರಿ ಎದ್ದು ಬಂದು, ಬಡವರ ಬಿಲ್ಲು ಕಡಿಮೆ ಮಾಡಿ ಕಳುಹಿಸುವ ವೈದ್ಯರು ಈ ನಗರದಲ್ಲಿ ಬೇಕಾದಷ್ಟು ಜನರಿದ್ದಾರೆ. ತರಬೇತಾದ ನರ್ಸ್‌ಗಳು ಸಿಗುವುದೂ, ಸಿಕ್ಕವರು ಉಳಿಯುವುದೂ ಸಣ್ಣ ಊರಿನಲ್ಲಿ ಕಷ್ಟ. ಎಲ್ಲ ಸರಿಯಾಗಿ ಮಾಡಿದರೂ ಕೆಲವು ರೋಗಿಗಳು ಉಳಿಯುವುದಿಲ್ಲ. ಸಾವು ಸಂಭವಿಸಿತು ಎಂದರೆ ನಿರ್ಲಕ್ಷ್ಯ ನಡೆಯಿತು ಎಂದರ್ಥವಲ್ಲ. ಹಾಗೆಯೇ ರೋಗಿ ಗುಣವಾದ ಎಂದರೆ ಎಲ್ಲವೂ ಸರಿಯಿತ್ತು ಎಂದೂ ಅಲ್ಲ.

ನಮ್ಮಿಂದಲೂ ತಪ್ಪುಗಳಾಗುತ್ತವೆ. ಒಬ್ಬ ರೋಗಿಯ ಸುತ್ತ ಹತ್ತು ಜನ ಸೇರಿ ವಾರ್ಡನ್ನು ಸಂತೆ ಮಾಡುತ್ತೇವೆ. ಚಪ್ಪಲಿ ಹಾಕಿಕೊಂಡೇ ಐಸಿಯುಗೆ ನುಗ್ಗುತ್ತೇವೆ. ಸಿಟ್ಟು ಬಂದರೆ ಗಾಜು ಒಡೆಯುತ್ತೇವೆ. ವೈದ್ಯರ ಮೇಲೆ ಕೈ ಮಾಡುವುದು 2009ರ ರಾಜ್ಯ ಕಾಯಿದೆಯ ಪ್ರಕಾರ ಅಪರಾಧ. ಹೊಡೆತದ ಭಯದಲ್ಲಿರುವ ವೈದ್ಯರು ಕಷ್ಟದ ರೋಗಿಯನ್ನು ಬಾಗಿಲಿನಿಂದಲೇ ಬೇರೆಡೆಗೆ ಕಳುಹಿಸುತ್ತಾರೆ. ನಷ್ಟ ನಮಗೇ.

ದೂರಿದ್ದರೆ ಅದಕ್ಕೆ ದಾರಿಗಳಿವೆ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವಿದೆ. ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ಅವರ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ ಎಂದು 1995ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಎಲ್ಲಿಗೆ ಹೋದರೂ ಮೊದಲು ಕೇಳುವುದು ಕಾಗದಪತ್ರಗಳನ್ನೇ.

2015ರಲ್ಲಿ ಮೋಸ ಹೋದ ಆ ಹೆಣ್ಣುಮಕ್ಕಳು ದಡ್ಡರಾಗಿರಲಿಲ್ಲ. ಓದಿದವರು ಹೇಳಿದ್ದನ್ನು ನಂಬಿದ್ದರು, ಅಷ್ಟೆ. ಅವರ ಜೊತೆಯಲ್ಲಿ ಪ್ರಶ್ನೆ ಕೇಳುವವರು ಒಬ್ಬರಿದ್ದಿದ್ದರೆ ಅನೇಕರ ಕಥೆ ಬೇರೆಯಾಗುತ್ತಿತ್ತು. ಪತ್ರಿಕೆ ಓದುವ ಮನೆಯವರಾದ ನೀವು ಆ ಒಬ್ಬರಾಗಬಹುದು. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವರು, ಹೊಲದಲ್ಲಿ ದುಡಿಯುವವರು ಆಪರೇಶನ್ ಮಾಡಿಸಬೇಕೆಂದು ಹೇಳಿದಾಗ, ಕೈಗಡ ಕೊಟ್ಟು ಕಳುಹಿಸುವುದರ ಜೊತೆಗೆ ಅರ್ಧ ದಿನ ಬಿಡುವು ಮಾಡಿಕೊಂಡು ಅವರೊಡನೆ ಹೋಗಿ. ರಿಪೋರ್ಟು ಕೇಳಿ, ಇನ್ನೊಬ್ಬ ವೈದ್ಯರಿಗೆ ತೋರಿಸಿ, ಆಮೇಲೆ ಸಹಿ ಮಾಡಿಸಿ.